ಬಲಗೈ ಕಳೆದುಕೊಂಡ ಇಬ್ಬರು

ಬೇಲೂರಿನ ದೊಡ್ಡ ಗುಡಿಯ ಮಗ್ಗುಲಲ್ಲೇ, ಅದೇ ಪ್ರಾಕಾರದೊಳಗೆ, ಕಪ್ಪೆ ಚೆನ್ನಿಗರಾಯನ ಗುಡಿಯಿದೆ. ಅಲ್ಲಿಗೆ ಬರುವ ಜನ ದೇವರ ಮುಖ ನೋಡುವ ಮೊದಲು ಹೊಕ್ಕುಳು ಹುಡುಕುತ್ತಾರೆ. ಕತ್ತು ಚಾಚಿ, ಕಣ್ಣು ಕಿರಿದು ಮಾಡಿ, ‘ಅಗೋ ಅಲ್ಲಿ’ ಎಂದು ಒಬ್ಬರು, ‘ಎಲ್ಲಿ? ಏನೂ ಕಾಣಲಿಲ್ಲವಲ್ಲ’ ಎಂದು ಇನ್ನೊಬ್ಬರು. ಕಂಡವರಿಗೂ ಕಾಣದವರಿಗೂ ಕತೆಯಂತೂ ಗೊತ್ತು. ಈ ನಾಡಿನಲ್ಲಿ ನಾಲ್ಕು ಕ್ಲಾಸು ಓದಿದ ಯಾರಿಗೆ ಗೊತ್ತಿಲ್ಲ?

ತುಮಕೂರು ಸೀಮೆಯ ಕ್ರೀಡಾಪುರದ ಜಕಣಾಚಾರಿಗೆ ಕಲ್ಲಿನ ಹುಚ್ಚು. ಬಸುರಿ ಹೆಂಡತಿಯನ್ನು ಬಿಟ್ಟು ಉಳಿ ಹಿಡಿದು ಊರೂರು ಸುತ್ತಿದ, ಗುಡಿಯ ಮೇಲೆ ಗುಡಿ ಕಟ್ಟಿದ, ಮನೆ ಮರೆತ. ವರ್ಷಗಳು ಕಳೆದವು. ಬೇಲೂರಿನಲ್ಲಿ ಚೆನ್ನಿಗರಾಯನ ವಿಗ್ರಹ ಮುಗಿದು ಪ್ರತಿಷ್ಠೆಗೆ ನಿಂತಾಗ ಎಲ್ಲಿಂದಲೋ ಬಂದ ಹುಡುಗನೊಬ್ಬ ‘ಈ ಕಲ್ಲಿನಲ್ಲಿ ದೋಷವಿದೆ’ ಎಂದುಬಿಟ್ಟ. ಆಚಾರಿ ಕೆರಳಿದ. ದೋಷ ತೋರಿಸಿದರೆ ಬಲಗೈ ಕಡಿದುಕೊಳ್ಳುತ್ತೇನೆ ಎಂದ. ವಿಗ್ರಹಕ್ಕೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಸುತ್ತ ಹಸಿಯಾಗಿಯೇ ಉಳಿಯಿತು. ಹುಡುಗ ಅಲ್ಲಿ ಉಳಿಯಿಟ್ಟು ಒಂದು ಪೆಟ್ಟು ಕೊಟ್ಟ. ಚೂರು ಹಾರಿ, ನೀರು ಚಿಮ್ಮಿ, ಜೀವಂತ ಕಪ್ಪೆಯೊಂದು ಹೊರಗೆ ನೆಗೆಯಿತು. ಆಚಾರಿ ಆಡಿದ ಮಾತಿನಂತೆ ನಡೆದುಕೊಂಡ. ಆಮೇಲೆ ತಿಳಿಯಿತು, ಹುಡುಗ ಅವನದೇ ಮಗ, ಡಂಕಣಾಚಾರಿ. ಮುಂದೆ ಸ್ವಂತ ಊರಿನಲ್ಲಿ ಚೆನ್ನಕೇಶವನನ್ನು ಕಡೆದಾಗ ದೇವರು ಕೈ ದಯಪಾಲಿಸಿದ. ಊರಿಗೆ ಕೈದಾಳ ಎಂದು ಹೆಸರಾಯಿತು.

ಕಲ್ಲೊಳಗಿನ ಕಪ್ಪೆ ಬದುಕುತ್ತದೆಯೇ ಎಂದು ಕೇಳುವ ತಲೆಹರಟೆಯವರು ಎಲ್ಲ ಕಾಲದಲ್ಲೂ ಇದ್ದಾರೆ. ಆಕ್ಸ್‌ಫರ್ಡಿನ ಭೂವಿಜ್ಞಾನಿ ವಿಲಿಯಂ ಬಕ್‌ಲ್ಯಾಂಡ್ ಅಂಥವರಲ್ಲಿ ಒಬ್ಬ. ಇಂಗ್ಲೆಂಡಿನಲ್ಲೂ ಕಲ್ಲು ಒಡೆದಾಗ ಕಪ್ಪೆ ಹಾರಿತೆಂಬ ಸುದ್ದಿ ಆಗಾಗ ಏಳುತ್ತಿತ್ತು. ಅವನು 1825ರಲ್ಲಿ ಸುಣ್ಣಕಲ್ಲು, ಮರಳುಕಲ್ಲುಗಳಲ್ಲಿ ಗೂಡು ಕೊರೆಸಿ, ಒಂದೊಂದರಲ್ಲಿ ಒಂದೊಂದು ನೆಲಗಪ್ಪೆ ಇಟ್ಟು, ಮುಚ್ಚಳ ಬಿಗಿದು, ತೋಟದಲ್ಲಿ ಹೂಳಿಸಿದ. ಮರುವರ್ಷ ತೆಗೆದು ನೋಡಿದರೆ ಗಟ್ಟಿ ಮರಳುಕಲ್ಲಿನವೆಲ್ಲ ಸತ್ತಿದ್ದವು. ಗಾಳಿಯಾಡುವ ಸುಣ್ಣಕಲ್ಲಿನಲ್ಲಿ ಕೆಲವು ಉಸಿರು ಹಿಡಿದಿದ್ದವು, ಎರಡನೆಯ ವರ್ಷ ತುಂಬುವುದರೊಳಗೆ ಅವೂ ಹೋದವು. ಪ್ರಶ್ನೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬೇಲೂರಿನ ಕಪ್ಪೆಗೆ ಬಕ್‌ಲ್ಯಾಂಡನ ಗೊಡವೆಯಿಲ್ಲ, ಅದು ಇನ್ನೂ ದಿನಕ್ಕೆ ಹತ್ತಾರು ಸಲ ನೆಗೆಯುತ್ತದೆ.

ನನ್ನನ್ನು ಬಹಳ ದಿನದಿಂದ ಕಾಡಿರುವುದು ಕಪ್ಪೆಗಿಂತ ಹೆಚ್ಚಾಗಿ ಆ ಕೈ. ಇಷ್ಟು ಚೆಂದದ ಗುಡಿ ಕಟ್ಟಿದವನಿಗೆ ಜನ ಇಂಥ ಶಿಕ್ಷೆ ಏಕೆ ಕೊಟ್ಟರು? ಕತೆ ಕಟ್ಟುವವರಿಗೆ ಬೇರೆ ದಾರಿಗಳಿದ್ದವು. ರಾಜ ಆನೆಯ ಮೇಲೆ ಮೆರವಣಿಗೆ ಮಾಡಿಸಬಹುದಿತ್ತು, ಊರು ಉಂಬಳಿ ಬಿಡಬಹುದಿತ್ತು. ಅದೆಲ್ಲ ಬಿಟ್ಟು ಜನ ಅವನ ಬಲಗೈಯನ್ನೇ ಕೇಳಿದರು.

ಕತೆಯ ಪಕ್ಕದಲ್ಲಿ ಶಾಸನ ಇಟ್ಟು ನೋಡಿದರೆ ಬೆರಗು ಇನ್ನೊಂದು ಬಗೆಯಾಗುತ್ತದೆ. ಹೊಯ್ಸಳ ದೊರೆ ವಿಷ್ಣುವರ್ಧನ ದೊಡ್ಡ ಗುಡಿಯ ವಿಜಯನಾರಾಯಣನನ್ನು, ಅಂದರೆ ಇಂದಿನ ಚೆನ್ನಕೇಶವನನ್ನು, ಪ್ರತಿಷ್ಠಾಪಿಸಿದ್ದು 1117ರಲ್ಲಿ. ಪಕ್ಕದ ಚೆನ್ನಿಗರಾಯನನ್ನು ಪ್ರತಿಷ್ಠಾಪಿಸಿದವಳು ಪಟ್ಟದರಸಿ ಶಾಂತಲದೇವಿ, ಪೀಠದ ಬರಹವೇ ಅದನ್ನು ಹೇಳುತ್ತದೆ. ಕಪ್ಪೆಯ ಕತೆಯಲ್ಲಿ ಅವಳ ಸುಳಿವೇ ಇಲ್ಲ! ಕೈದಾಳದ ಗುಡಿ ಸುಮಾರು 1150ರದು, ಕಟ್ಟಿಸಿದವನು ಗೂಳಿಬಾಚಿ ಎಂಬ ಸಾಮಂತ. ಎರಡು ಗುಡಿಗಳ ನಡುವೆ ಮೂವತ್ತಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಕತೆ ಆ ಅಂತರವನ್ನು ಒಂದು ಕಡಿದ ಕೈ, ಒಂದು ಮರಳಿ ಬಂದ ಕೈ ಇಟ್ಟು ಹೊಲಿದುಬಿಟ್ಟಿದೆ. ಜಕಣಾಚಾರಿಯ ಹೆಸರೋ, ಬೇಲೂರಿನ ಯಾವ ಕಲ್ಲಿನ ಮೇಲೂ ಇಲ್ಲ.

ಹಾಗಂತ ಶಿಲ್ಪಿಗಳ ಹೆಸರೇ ಇಲ್ಲವೆಂದಲ್ಲ. ಭಾರತದಲ್ಲಿ ಇಷ್ಟು ಧಾರಾಳವಾಗಿ ಸಹಿ ಹಾಕಿದ ಶಿಲ್ಪಿಗಳು ಅಪರೂಪ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೇಲೂರಿನ ಕೇಶವ ದೇವಾಲಯದ ಮೇಲೆ ತಮ್ಮ ಪುಸ್ತಕ ಪ್ರಕಟಿಸಿದ್ದು 1919ರಲ್ಲಿ. ಮದನಿಕೆಯರ ಕಾಲಡಿಯಲ್ಲಿ, ಪೀಠಗಳ ಅಂಚಿನಲ್ಲಿ ಕೆತ್ತಿದ್ದ ಸಹಿಗಳನ್ನು ಅವರು ಓದಿ ದಾಖಲಿಸಿದರು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಗದುಗಿನ ನಾಗೋಜ, ಚಿಕ್ಕಹಂಪ, ಪದರಿ ಮಲ್ಲೋಜ, ಹೀಗೆ ಸಾಲು ಸಾಲು. ಹಳೇಬೀಡಿಗೆ ಹೋದರೆ ಕಾಳಿದಾಸಿ, ಕೇದಾರೋಜ, ರೇವೋಜ. ರೂವಾರಿ ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಲ್ಲೂ ಸಿಗುತ್ತದೆ, ಸುಮಾರು ಅರುವತ್ತು ವರ್ಷ ಕಳೆದು ಕಟ್ಟಿದ ಸೋಮನಾಥಪುರದಲ್ಲೂ ಸಿಗುತ್ತದೆ. ಬದುಕಿಡೀ ಉಳಿ ಕೆಳಗಿಡದ ಮನುಷ್ಯನಿರಬೇಕು.

ಬರಿಯ ಹೆಸರಲ್ಲ, ಬಿರುದುಗಳೂ ಇವೆ. ಎದುರಾಳಿ ರೂವಾರಿಗಳೆಂಬ ಮನ್ಮಥರಿಗೆ ತಾನು ಶಿವ ಎನ್ನುವುದು ಒಬ್ಬನ ಬಿರುದು. ರೂವಾರಿಗಳೆಂಬ ಬೆಟ್ಟಕ್ಕೆ ತಾನು ವಜ್ರಾಯುಧ ಎನ್ನುವುದು ಇನ್ನೊಬ್ಬನದು. ಕುಸ್ತಿ ಅಖಾಡದ ಪೈಲ್ವಾನರೂ ನಾಚಬೇಕು. ಬೇಲೂರಿನ ಕೆಲಸ ಒಂದು ದೊಡ್ಡ ಪೈಪೋಟಿಯೇ ಆಗಿತ್ತು ಎಂಬುದು ಈ ಸಾಲುಗಳಿಂದ ಗೊತ್ತಾಗುತ್ತದೆ. ಬೇರೆ ಬೇರೆ ಸೀಮೆಯಿಂದ ಬಂದವರು, ಒಬ್ಬರ ಕೆಲಸ ಒಬ್ಬರು ಓರೆಗಣ್ಣಿನಲ್ಲಿ ನೋಡುತ್ತ, ನಾನು ನಿನಗಿಂತ ಒಂದು ಕೂದಲು ಸಣ್ಣಗೆ ಕೆತ್ತುತ್ತೇನೆ ಎಂದು ಹಟ ಹಿಡಿದವರು. ಹಣ್ಣಿನ ಮೇಲೆ ಕೂತ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ, ಒಳಗಿನ ಮದನಿಕೆಯ ಮಣಿಕಟ್ಟಿನಲ್ಲಿ ಬೆರಳಿಂದ ತಿರುಗಿಸಬಹುದಾದ ಬಳೆ, ಇವೆಲ್ಲ ಭಕ್ತಿಯಿಂದ ಮಾತ್ರ ಹುಟ್ಟಿದವು ಎಂದರೆ ನಾನು ನಂಬುವುದಿಲ್ಲ. ‘ನೋಡು ಬಾ’ ಎಂಬ ಸವಾಲು ಅವುಗಳಲ್ಲಿದೆ. ಬಳಪದ ಕಲ್ಲಿನ ಸ್ವಭಾವವೂ ಈ ಹಟಕ್ಕೆ ಒತ್ತಾಸೆಯಾಯಿತು: ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಬಿದ್ದು ಕಾಲ ಕಳೆದಂತೆ ಗಟ್ಟಿ.

ಸೊಕ್ಕು ಕಲ್ಲಿನ ಮೇಲೆ ಬರೆದಿದೆ, ಸೊಕ್ಕಿಗೆ ದಂಡ ಕತೆಯಲ್ಲಿದೆ. ಇವೆರಡನ್ನೂ ಒಟ್ಟಿಗೆ ಓದಿದಾಗ ಮಾತ್ರ ಆ ಕೈ ನನಗೆ ಸ್ವಲ್ಪ ಅರ್ಥವಾಗುತ್ತದೆ. ಇಷ್ಟು ಚೆಲುವನ್ನು ಮನುಷ್ಯನ ಕೈ ಮಾಡಿತು ಎಂದಾಗ ನೋಡುವವನ ಮನಸ್ಸಿನಲ್ಲಿ ಹಿಗ್ಗಿನ ಜೊತೆಗೆ ಒಂದು ಸಣ್ಣ ಭಯವೂ ಹುಟ್ಟುತ್ತದೆ. ದೃಷ್ಟಿ ತಾಗಬಾರದೆಂದು ಮಗುವಿನ ಕೆನ್ನೆಗೆ ಕಾಡಿಗೆ ಬೊಟ್ಟು ಇಡುತ್ತೇವಲ್ಲ, ಜನ ಈ ಗುಡಿಗೆ ಇಟ್ಟ ಬೊಟ್ಟು ಆ ಕಪ್ಪೆ. ಇನ್ನೊಂದು ಸಂಗತಿ. ಕತೆಯಲ್ಲಿ ಅಪ್ಪ ಮಗ ಇದ್ದಾರೆ. ಸಹಿಗಳಲ್ಲೂ ಅಪ್ಪ ಮಗ ಇದ್ದಾರೆ, ದಾಸೋಜ ಮತ್ತು ಚಾವಣ. ಒಂದೇ ಗುಡಿಯ ಮದನಿಕೆಯರ ಕೆಳಗೆ ಇಬ್ಬರ ಹೆಸರೂ ಇದೆ. ಇವರೇ ಅವರು ಎಂದು ಹೇಳಲು ಯಾವ ಆಧಾರವೂ ಇಲ್ಲ, ನಾನು ಹೇಳುವುದೂ ಇಲ್ಲ. ಆದರೆ ಅಪ್ಪನ ಕೆಲಸದ ಪಕ್ಕದಲ್ಲಿ ನಿಂತು ಮಗ ಉಳಿ ಹಿಡಿದ ಜಾಗದಲ್ಲಿ, ಅಪ್ಪನ ತಪ್ಪು ಹಿಡಿದ ಮಗನ ಕತೆ ಹುಟ್ಟುವುದರಲ್ಲಿ ಏನೋ ನ್ಯಾಯವಿದೆ.

ಇದೇ ಕೈಯ ಜೋಡಿ ಬಹು ದೂರದಲ್ಲಿ, ಜಪಾನಿನಲ್ಲಿ ಸಿಗುತ್ತದೆ. ಟೋಕಿಯೋದ ಉತ್ತರಕ್ಕೆ ನಿಕ್ಕೋ ಎಂಬ ಬೆಟ್ಟದೂರಿದೆ. ಜಪಾನನ್ನು ಒಂದು ಆಳ್ವಿಕೆಗೆ ತಂದ ಶೋಗನ್ ತೊಕುಗಾವಾ ಇಯೆಯಾಸು 1616ರಲ್ಲಿ ತೀರಿಕೊಂಡ. ಮರುವರ್ಷ ಅಲ್ಲಿ ಅವನಿಗೆ ಗುಡಿಯಾಯಿತು, 1636ರ ಹೊತ್ತಿಗೆ ಮೊಮ್ಮಗ ಇಯೆಮಿತ್ಸು ಅದನ್ನು ಚಿನ್ನ, ಬಣ್ಣ, ಕೆತ್ತನೆಗಳಿಂದ ತುಂಬಿ ಹೊಸದಾಗಿ ಕಟ್ಟಿಸಿದ. ಇಯೆಯಾಸುವಿನ ಸಮಾಧಿಗೆ ಹೋಗುವ ಬಾಗಿಲ ಮೇಲೆ ಅಂಗೈಯಗಲದಷ್ಟು ಜಾಗದಲ್ಲಿ ಮರದ ಬೆಕ್ಕೊಂದು ಹೂಗಳ ನಡುವೆ ಮಲಗಿದೆ. ಬೆನ್ನ ಹಿಂದೆ, ಹಲಗೆಯ ಆ ಬದಿಯಲ್ಲಿ, ಗುಬ್ಬಿಗಳು ಆಡುತ್ತಿವೆ. ಅಷ್ಟು ವೈಭವದ ನಡುವೆ ಜನ ಸಾಲುಗಟ್ಟಿ ನಿಂತು ನೋಡುವುದು ಈ ಬೆಕ್ಕನ್ನು. ಕಪ್ಪೆ ಹುಡುಕುವ ನಮ್ಮವರಿಗೂ ಅವರಿಗೂ ಏನು ವ್ಯತ್ಯಾಸ?

ಬೆಕ್ಕನ್ನು ಕೆತ್ತಿದವನು ಹಿದಾರಿ ಜಿಂಗೊರೋ, ಎಡಗೈ ಜಿಂಗೊರೋ, ಎಂದು ಹೇಳುತ್ತಾರೆ. ಅವನು ಎಡಚನೇ ಆಗಿದ್ದ ಎಂಬುದು ಒಂದು ಮಾತು. ಅವನ ಕೆಲಸ ನೋಡಿ ಹೊಟ್ಟೆ ಉರಿದವರು ಬಲಗೈ ಕಡಿದುಹಾಕಿದರು, ಉಳಿದ ಎಡಗೈಯಲ್ಲಿ ಇನ್ನೂ ಚೆನ್ನಾಗಿ ಕೆತ್ತಿದ ಎಂಬುದು ಇನ್ನೊಂದು. ಅವನ ಲೆಕ್ಕಕ್ಕೆ ಬರೆದ ಕೆಲಸಗಳು ಜಪಾನಿನ ಉದ್ದಗಲಕ್ಕೂ ಹರಡಿವೆ. ಎಲ್ಲವನ್ನೂ ಅವನೇ ಮಾಡಿದ್ದರೆ ಹಲವು ತಲೆಮಾರು ಬದುಕಿರಬೇಕು. ಕ್ಯೋಟೋದ ಚಿಯೋನ್‌-ಇನ್ ಮಠದ ಸೂರಿನಡಿ ಹಳೆಯ ಕೊಡೆಯೊಂದು ಸಿಕ್ಕಿಕೊಂಡಿದೆ, ಅದನ್ನೂ ಅವನೇ ಬಿಟ್ಟುಹೋದನಂತೆ. ಹೀಗೊಬ್ಬ ಮನುಷ್ಯ ನಿಜವಾಗಿ ಇದ್ದನೇ ಎಂಬುದು ವಿದ್ವಾಂಸರಿಗೆ ಅನುಮಾನ, ಕತೆ ಹೇಳುವವರಿಗೆ ಅನುಮಾನವಿಲ್ಲ. ರಾಕುಗೋ ಎಂಬ ಕುಳಿತು ಹೇಳುವ ಹಾಸ್ಯಕತೆಗಳಲ್ಲಿ ಅವನು ಊರೂರು ಅಲೆಯುವ ಬಡಗಿ. ಕಬುಕಿ ನಾಟಕದ ಒಂದು ನೃತ್ಯದಲ್ಲಿ ಅವನು ತಾನು ಮೆಚ್ಚಿದ ವೇಶ್ಯೆಯ ಗೊಂಬೆ ಕೆತ್ತುತ್ತಾನೆ. ಗೊಂಬೆಗೆ ಜೀವ ಬರುತ್ತದೆ, ಆದರೆ ಅದನ್ನು ಮಾಡಿದವನು ಗಂಡಸು, ಹಾಗಾಗಿ ಅದು ಗಂಡಸಿನ ಹಾಗೇ ಕಾಲು ಬೀಸಿ ನಡೆಯುತ್ತದೆ. ಅವಳ ಎದೆಯೊಳಗೆ ಒಂದು ಕನ್ನಡಿ ಇಟ್ಟ ಕೂಡಲೇ ನಡೆ, ನೋಟ, ನಾಚಿಕೆ ಎಲ್ಲ ಹೆಣ್ಣಿನದಾಗುತ್ತವೆ. ತೆಗೆದರೆ ಮತ್ತೆ ಗಂಡು. ಇದನ್ನು ಓದಿದ ದಿನದಿಂದ ಬೇಲೂರಿನ ದರ್ಪಣಸುಂದರಿಯ ಮುಂದೆ ನಿಂತಾಗ ನನಗೆ ಆ ಗೊಂಬೆಯ ನೆನಪು. ಈಕೆಯ ಕೈಯ ಕನ್ನಡಿಯನ್ನು ಮೆಲ್ಲಗೆ ಕಿತ್ತುಕೊಂಡರೆ ಚಾವಣನ ಹಾಗೆ ಮೀಸೆ ತಿರುವಿಯಾಳೇ!

ಹೊಯ್ಸಳರಿಗೂ ಶೋಗನ್ನರಿಗೂ ನಡುವೆ ಐನೂರು ವರ್ಷ, ಒಂದು ಸಮುದ್ರ. ಕತೆ ಅಲ್ಲಿಂದ ಇಲ್ಲಿಗೆ ಬಂದದ್ದಲ್ಲ, ಇಲ್ಲಿಂದ ಅಲ್ಲಿಗೆ ಹೋದದ್ದೂ ಅಲ್ಲ. ಎರಡು ಕಡೆಯೂ ಜನ ಅಪಾರ ಕೆಲಸದ ಮುಂದೆ ನಿಂತರು. ನೂರು ಕೈ ಮಾಡಿದ ಕೆಲಸ ಎಂದು ಒಪ್ಪಿಕೊಂಡರೆ ಬೆರಗಿಗೆ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ನೂರು ಹೆಸರಿಗೆ ಕೈ ಮುಗಿಯುವುದು ಕಷ್ಟ. ಒಬ್ಬ ಬೇಕು, ಆ ಒಬ್ಬನಿಗೆ ನೋವಿರಬೇಕು. ನೋವಿದ್ದರೆ ಅವನು ನಮ್ಮವನಾಗುತ್ತಾನೆ. ಉತ್ತರ ಕರ್ನಾಟಕದಲ್ಲಿ ಹೊಯ್ಸಳರಿಗಿಂತ ಹಿಂದಿನ ಚಾಲುಕ್ಯರ ಗುಡಿಗಳನ್ನೂ ಜನ ಜಕಣಾಚಾರಿ ಕಟ್ಟಿದ್ದು ಎನ್ನುತ್ತಾರೆ. ಬ್ರಿಟಿಷರ ಕಾಲದ ಧಾರವಾಡ ಗೆಜೆಟಿಯರಂತೂ ಅದನ್ನೊಂದು ಶೈಲಿಯ ಹೆಸರೆಂದೇ ಹಿಡಿದು ಹಳ್ಳಿಹಳ್ಳಿಯ ಗುಡಿಗೂ ಅಂಟಿಸಿತು. ಹೀಗೆ ಇಲ್ಲದ ಒಬ್ಬ ಶಿಲ್ಪಿ ಇದ್ದ ನೂರಾರು ಶಿಲ್ಪಿಗಳ ಕೂಲಿ ಉಂಡ. ಇದು ನನಗೆ ಒಗ್ಗದ ಮಾತು. ದಾಸೋಜ ಬಳ್ಳಿಗಾವೆಯಿಂದ ಗಾಡಿ ಕಟ್ಟಿಕೊಂಡು ಬಂದು ಕಲ್ಲಿನ ಮೇಲೆ ಅಚ್ಚುಕಟ್ಟಾಗಿ ಹೆಸರು ಬರೆದಿಟ್ಟರೂ ನಮ್ಮ ನಾಲಗೆಯ ಮೇಲೆ ಅವನಿಗೆ ಜಾಗವಿಲ್ಲ.

ಆದರೂ ಕತೆಯನ್ನು ಸುಳ್ಳೆಂದು ಎಸೆಯಲು ಕೈ ಬರುವುದಿಲ್ಲ. ಅದಕ್ಕೆ ಬೇಲೂರಿನಲ್ಲೇ ಇನ್ನೊಂದು ಕಾರಣವಿದೆ, ಚಪ್ಪಲಿ.

ಚೆನ್ನಕೇಶವನ ಹೆಂಡತಿ ಬಾಬಾಬುಡನಗಿರಿಯಲ್ಲೇ ಉಳಿದಳಂತೆ. ದೇವರು ಆಗಾಗ ರಾತ್ರಿ ಎದ್ದು, ಗುಡಿಯಲ್ಲಿಟ್ಟ ದೊಡ್ಡ ಚಪ್ಪಲಿ ಮೆಟ್ಟಿಕೊಂಡು, ಬೆಟ್ಟ ಹತ್ತಿ ಅವಳನ್ನು ನೋಡಿ ಬರುತ್ತಾನೆ. ಬೆಟ್ಟದ ದಾರಿ, ಚಪ್ಪಲಿ ಸವೆಯುತ್ತದೆ. ಸವೆದಾಗ ಚನ್ನಗಿರಿ, ಬಸವಾಪಟ್ಟಣದ ಚಮ್ಮಾರರ ಕನಸಿನಲ್ಲಿ ದೇವರು ಕಾಣಿಸಿಕೊಂಡು ಹೊಸ ಜೋಡು ಕೇಳುತ್ತಾನೆ. ಅವರು ಹೊಲಿದು ತಂದು ಒಪ್ಪಿಸುತ್ತಾರೆ. ಒಪ್ಪಿಸುವುದಕ್ಕಾಗಿ ಗುಡಿಯ ಅಂಗಳದೊಳಗೆ ಬರುತ್ತಾರೆ. ಬಿ.ಎಲ್. ರೈಸ್ ಹತ್ತೊಂಬತ್ತನೆಯ ಶತಮಾನದಲ್ಲಿ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ಬರೆದಿಟ್ಟಿದ್ದಾರೆ.

ಈ ಕೊನೆಯ ಮಾತಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಅವರ ನೆರಳೂ ಬೀಳಬಾರದೆಂದು ಬಾಗಿಲು ಹಾಕಿದ ಕಾಲ ಅದು. ಆ ಬಾಗಿಲಿನೊಳಗೆ ಕಾಲಿಡಲು ಅವರಿಗೆ ದಾರಿ ಮಾಡಿಕೊಟ್ಟದ್ದು ಯಾವ ಕಾನೂನೂ ಅಲ್ಲ, ದೇವರ ಚಪ್ಪಲಿ ಸವೆಯುತ್ತದೆ ಎಂಬ ಒಂದು ಕತೆ. ಕತೆಯಲ್ಲಿ ದೇವರಿಗೆ ಅವರ ಹಂಗಿದೆ. ಅರ್ಚಕರು ಎಷ್ಟು ಮಂತ್ರ ಹೇಳಿದರೂ ದೇವರು ಬರಿಗಾಲಲ್ಲಿ ಬೆಟ್ಟ ಹತ್ತಲಾರ. ಹೀಗೊಂದು ಕತೆಯನ್ನು ಮೊದಲು ಹೇಳಿದವರು ಎಷ್ಟು ಜಾಣರಿರಬೇಕು! ಮೇಲುಕೋಟೆಯಲ್ಲೂ ಇಂಥದ್ದೇ. ಅಲ್ಲಿನ ದೇವರ ಮೂರ್ತಿ ಚೆಲುವಪಿಳ್ಳೆಯನ್ನು ರಾಮಾನುಜರು ದಿಲ್ಲಿಯಿಂದ ತಂದರು, ದಾರಿಯಲ್ಲಿ ಅಸ್ಪೃಶ್ಯರೆನಿಸಿಕೊಂಡವರು ನೆರವಾದರು, ಅದಕ್ಕಾಗಿ ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬರುವ ಹಕ್ಕು ಅವರಿಗೆ ಸಿಕ್ಕಿತು ಎಂಬುದು ಅಲ್ಲಿನ ಐತಿಹ್ಯ. ಕತೆಯಲ್ಲಿ ಬರುವ ದಿಲ್ಲಿಯ ಸುಲ್ತಾನ ರಾಮಾನುಜರ ಕಾಲಕ್ಕೆ ಇನ್ನೂ ಹುಟ್ಟಿರಲಿಲ್ಲ, ದಿಲ್ಲಿಯ ಸುಲ್ತಾನಿಕೆ ಶುರುವಾದದ್ದೇ 1206ರಲ್ಲಿ. ಕಾಲದ ಲೆಕ್ಕ ತಪ್ಪಿತು, ಬಾಗಿಲು ಮಾತ್ರ ನಿಜವಾಗಿ ತೆರೆಯಿತು. ಮೂರೇ ದಿನ ಎಂಬುದು ನಾಚಿಕೆಯ ಸಂಗತಿಯೇ. ಉಳಿದ ದಿನಗಳಿಗೆ ಆ ಕತೆಯ ಬಲ ಸಾಲಲಿಲ್ಲ, ಸಂವಿಧಾನ ಬರಬೇಕಾಯಿತು.

ಕೆಳಗಿನಿಂದ ಹುಟ್ಟಿದ ಕತೆಗಳ ಬುದ್ಧಿ ಒಂದು, ಅರಮನೆಯಿಂದ ಇಳಿದ ಕತೆಗಳದು ಬೇರೆ. ಬೇಲೂರಿನ ಬಾಗಿಲಲ್ಲೇ ಸಳ ನಿಂತಿದ್ದಾನೆ, ಎರಡೂ ಬದಿಗೆ, ಹುಲಿಯನ್ನೋ ಸಿಂಹವನ್ನೋ ಇರಿಯುತ್ತ. ಗುರು ಸುದತ್ತ ಮುನಿ ‘ಹೊಯ್ ಸಳ’ ಎಂದು ಕೂಗಿದ, ಶಿಷ್ಯ ಹೊಡೆದ, ವಂಶಕ್ಕೆ ಹೆಸರಾಯಿತು. ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ವಾಸಂತಿಕೆಯ ಗುಡಿಯ ಬಳಿ, ಇದು ನಡೆಯಿತಂತೆ. ಆದರೆ ಈ ಕತೆ ಮೊದಲು ಕಾಣಿಸುವುದು ವಿಷ್ಣುವರ್ಧನನ ಕಾಲದ ಬೇಲೂರು ಶಾಸನದಲ್ಲಿ, ವಂಶ ಆಗಲೇ ಕೆಲವು ತಲೆಮಾರು ಆಳಿದ ಮೇಲೆ. ವಿಷ್ಣುವರ್ಧನ 1116ರಲ್ಲಿ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದ, ಚೋಳರ ಲಾಂಛನ ಹುಲಿ. ಕೊಂದದ್ದು ಕಾಡಿನ ಹುಲಿಯನ್ನೋ ಚೋಳರ ಹುಲಿಯನ್ನೋ ಎಂದು ಕೆಲವು ಇತಿಹಾಸಕಾರರು ಕೇಳಿದ್ದು ಇದಕ್ಕೇ. ಗೆದ್ದ ದೊರೆಗೆ ಹಿಂದಿನಿಂದಲೂ ಗೆದ್ದ ಕತೆಯೊಂದು ಬೇಕಾಗುತ್ತದೆ. ಅಂದಿನ ಕಲ್ಲಿನ ಸಳ ಇವತ್ತು ಬೆಂಗಳೂರಿನ ಬೀದಿಯಲ್ಲಿ ಓಡಾಡುತ್ತಿದ್ದಾನೆ. ರಾತ್ರಿ ಗಲಾಟೆಯಾದರೆ ಬರುವ ಪೊಲೀಸ್ ಗಾಡಿಯ ಹೆಸರು ಹೊಯ್ಸಳ.

ಜಪಾನಿನಲ್ಲಿ ಇದರ ಇನ್ನೊಂದು ತುದಿ ಕಾಣುತ್ತದೆ. ಎಂಟನೆಯ ಶತಮಾನದಲ್ಲಿ, 712 ಮತ್ತು 720ರಲ್ಲಿ, ಅರಮನೆಗಾಗಿ ಬರೆಸಿದ ಎರಡು ಗ್ರಂಥಗಳಲ್ಲಿ ಮೊದಲ ಚಕ್ರವರ್ತಿ ಜಿಮ್ಮುವಿನ ಕತೆ ಬರುತ್ತದೆ. ಅವನು ಸೂರ್ಯದೇವಿಯ ವಂಶದವನು, ಮೂರು ಕಾಲಿನ ಕಾಗೆ ಅವನಿಗೆ ದಾರಿ ತೋರಿಸಿತು. ಅವನು ಪಟ್ಟಕ್ಕೆ ಬಂದದ್ದು ಕ್ರಿಸ್ತಪೂರ್ವ 660ರಲ್ಲಿ ಎಂದು ಲೆಕ್ಕ. ಮೂರು ಕಾಲಿನ ಆ ಕಾಗೆ ಇವತ್ತು ಜಪಾನಿನ ಫುಟ್‌ಬಾಲ್ ಸಂಸ್ಥೆಯ ಲಾಂಛನ. ಅಲ್ಲಿಯವರೆಗೆ ಚೆಂದ, ನಮ್ಮ ಪೊಲೀಸ್ ಗಾಡಿಯ ಹಾಗೆ. ಆದರೆ 1873ರಲ್ಲಿ ಹೊಸ ಸರ್ಕಾರ ಜಿಮ್ಮುವಿನ ಪಟ್ಟಾಭಿಷೇಕದ ದಿನವನ್ನು ರಾಷ್ಟ್ರದ ಹಬ್ಬ ಮಾಡಿತು. 1940ರಲ್ಲಿ ಆ ಲೆಕ್ಕಕ್ಕೆ 2600 ವರ್ಷ ತುಂಬಿತೆಂದು ಯುದ್ಧದ ನಡುವೆಯೇ ದೊಡ್ಡ ಉತ್ಸವ ನಡೆಯಿತು. ಅದೇ ವರ್ಷ ನೌಕಾಪಡೆಗೆ ಬಂದ ಹೊಸ ಯುದ್ಧವಿಮಾನಕ್ಕೆ 2600ರ ಕೊನೆಯ ಅಂಕಿ ಹಿಡಿದು ಹೆಸರಿಟ್ಟರು, ಅದೇ ಝೀರೋ. ಯಾರೂ ಕಾಣದ ಒಬ್ಬ ರಾಜನ ಪಟ್ಟಾಭಿಷೇಕದ ವರ್ಷ ಬಾಂಬು ಹೊತ್ತು ಹಾರಿತು. ಯುದ್ಧ ಸೋತ ಮೇಲೆ 1948ರಲ್ಲಿ ಹಬ್ಬ ರದ್ದಾಯಿತು, 1966ರ ಕಾನೂನಿನಿಂದ ಬೇರೆ ಹೆಸರಿನಲ್ಲಿ, ಅದೇ ಫೆಬ್ರುವರಿ 11ಕ್ಕೆ, ಮರಳಿ ಬಂತು.

ಅದೇ ದೇಶದ ಜನ ಮತ್ತೊಂದು ಬಗೆಯ ಕತೆಯನ್ನೂ ಕಟ್ಟಿಕೊಂಡರು. ಒಡೆಯನ ಸಾವಿಗೆ ಸೇಡು ತೀರಿಸಿಕೊಂಡ ನಲವತ್ತೇಳು ಸಮುರಾಯಿಗಳಲ್ಲಿ ನಲವತ್ತಾರು ಜನರಿಗೆ 1703ರಲ್ಲಿ ಸರ್ಕಾರ ಹೊಟ್ಟೆ ಸೀಳಿಕೊಂಡು ಸಾಯುವ ಶಿಕ್ಷೆ ಕೊಟ್ಟಿತು. ಈಚಿನ ರಾಜಕೀಯವನ್ನು ರಂಗದ ಮೇಲೆ ತರಬಾರದೆಂಬ ನಿಷೇಧವಿತ್ತು. ಗೊಂಬೆಯಾಟದವರು 1748ರಲ್ಲಿ ಹೆಸರು ಬದಲಿಸಿ, ಇಡೀ ಕತೆಯನ್ನು ನಾನ್ನೂರು ವರ್ಷ ಹಿಂದಕ್ಕೆ ತಳ್ಳಿ ಆಡಿಸಿಯೇಬಿಟ್ಟರು. ನೋಡಿದವರಿಗೆಲ್ಲ ಯಾರ ಕತೆಯೆಂದು ಗೊತ್ತಿತ್ತು. ಇವತ್ತಿಗೂ ಟೋಕಿಯೋದ ಸೆಂಗಾಕುಜಿಯಲ್ಲಿರುವ ಅವರ ಗೋರಿಗಳಿಗೆ ಜನ ಊದುಬತ್ತಿ ಹಚ್ಚುತ್ತಾರೆ.

ನಮ್ಮಲ್ಲಿ ಗೊಂಬೆಯಾಟದ ಕೆಲಸವನ್ನು ಕಾದಂಬರಿ, ಹಾಡು, ಸಿನಿಮಾ ಮಾಡಿದವು. ಶಾಂತಲೆಯ ವಿಷಯವೇ ನೋಡಿ. ಶಾಸನದ ಶಾಂತಲೆ ನೃತ್ಯಗೀತಗಳಲ್ಲಿ ಪಳಗಿದವಳು, ಜೈನಳು, ಸವತಿಯರ ಮುಂದೆ ತಲೆ ತಗ್ಗಿಸದವಳು. ಶ್ರವಣಬೆಳಗೊಳದಲ್ಲಿ 1123ರಲ್ಲಿ ಅವಳು ಕಟ್ಟಿಸಿದ ಬಸದಿಗೆ ಸವತಿಗಂಧವಾರಣ ಎಂದೇ ಹೆಸರು, ಸವತಿಯರ ಪಾಲಿಗೆ ಮದ್ದಾನೆ. 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು. ತಾಯಿ ಮಾಚಿಕಬ್ಬೆ ಆ ದುಃಖದಲ್ಲಿ ಬೆಳಗೊಳಕ್ಕೆ ಬಂದು ಸಲ್ಲೇಖನ ಹಿಡಿದು ಪ್ರಾಣ ಬಿಟ್ಟಳು. ಶಾಸನ ಹೇಳುವುದು ಇಷ್ಟು. ಶಿವಗಂಗೆಯ ಬೆಟ್ಟ ಹತ್ತಿದವರಿಗೆ ಮಾತ್ರ ‘ಶಾಂತಲಾ ಡ್ರಾಪ್’ ತೋರಿಸುತ್ತಾರೆ, ಅವಳು ಹಾರಿಕೊಂಡ ಕಡಿದಾದ ಬಂಡೆ. ಅಂಗಸಾಧನೆಯ ಗುರು ಕೆ.ವಿ. ಅಯ್ಯರ್ ಅವರ ‘ಶಾಂತಲಾ’ ಕಾದಂಬರಿ 1952ರಲ್ಲಿ ಬಂದು ಕನ್ನಡದ ಒಂದು ಇಡೀ ತಲೆಮಾರನ್ನು ಅಳಿಸಿತು. ಸಿ.ಕೆ. ನಾಗರಾಜರಾಯರ ‘ಪಟ್ಟಮಹಾದೇವಿ ಶಾಂತಲದೇವಿ’ಗೆ 1983ರಲ್ಲಿ ಮೂರ್ತಿದೇವಿ ಪ್ರಶಸ್ತಿ ಬಂತು. ಇವತ್ತು ಬೇಲೂರಿನಲ್ಲಿ ಗೈಡು ಯಾವ ಮದನಿಕೆಯನ್ನು ತೋರಿಸಿ ಇವಳೇ ಶಾಂತಲೆ ಎಂದರೂ ಜನ ತಲೆದೂಗುತ್ತಾರೆ. ಅವರ ಕಣ್ಣಿನಲ್ಲಿರುವುದು ಕಾದಂಬರಿಯ ಶಾಂತಲೆ.

ಡಿ.ವಿ. ಗುಂಡಪ್ಪನವರ ‘ಅಂತಃಪುರಗೀತೆ’ ಇನ್ನೊಂದು ಚಮತ್ಕಾರ. ಬೇಲೂರಿನ ಮದನಿಕೆಯರನ್ನು ಚೆನ್ನಕೇಶವನ ಅಂತಃಪುರದ ಹೆಣ್ಣುಗಳೆಂದು ಕಂಡು, ಒಬ್ಬೊಬ್ಬಳಿಗೂ ಒಂದೊಂದು ಹಾಡು ಬರೆದರು. ಅದನ್ನು ಕೇಳಿ ಬೆಳೆದವರಿಗೆ ಆ ಕಲ್ಲುಗಳು ಮೂಕವಾಗಿ ನಿಲ್ಲುವುದು ಸಾಧ್ಯವೇ ಇಲ್ಲ. ಬೆರಗಿನ ವಿಷಯದಲ್ಲಿ ನನ್ನ ಮತ ಕೇಳಿದರೆ ಇದಕ್ಕೇ ಮೊದಲ ಮಣೆ. ಡಿವಿಜಿ ಯಾರ ಹೆಸರನ್ನೂ ಕಸಿದುಕೊಳ್ಳಲಿಲ್ಲ, ಯಾರನ್ನೂ ಬೆಟ್ಟದಿಂದ ತಳ್ಳಲಿಲ್ಲ. ಕಂಡದ್ದಕ್ಕೆ ರಾಗ ಸೇರಿಸಿದರು, ಅಷ್ಟೆ.

ಸಿನಿಮಾ 1964ರಲ್ಲಿ ಬಂತು. ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’, ಕಲ್ಯಾಣ್‌ಕುಮಾರ್ ನಾಯಕ, ಕನ್ನಡದ ಮೊದಲ ಪೂರ್ಣ ಬಣ್ಣದ ಚಿತ್ರ. ಆವರೆಗೆ ಬಾಯಿಮಾತಿನಲ್ಲಿದ್ದ ಕಡಿದ ಕೈ ಪರದೆಯ ಮೇಲೆ ಬಣ್ಣದಲ್ಲಿ ಕಂಡಿತು. ಕತೆಗೆ ಇನ್ನೇನು ಬೇಕು? ಈಗ ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿ ಜಕಣಾಚಾರಿಯ ಹೆಸರಿನದು. ಜನವರಿ 1 ಅವನ ಸಂಸ್ಮರಣಾ ದಿನ. ಆ ಪ್ರಶಸ್ತಿ ಹಿಡಿದು ನಿಂತ ಮುದಿ ಆಚಾರಿಯೊಬ್ಬರ ಬೆರಳುಗಳನ್ನು ಪತ್ರಿಕೆಯ ಫೋಟೋದಲ್ಲಿ ನೋಡಿದಾಗ, ಜಕಣಾಚಾರಿ ಇದ್ದನೋ ಇಲ್ಲವೋ ಎಂಬ ವಾದಕ್ಕೆ ಹೋಗುವ ಉತ್ಸಾಹ ನನ್ನಲ್ಲಿ ಉಳಿಯಲಿಲ್ಲ. ಇಲ್ಲದವನ ಹೆಸರಿನಲ್ಲಿ ಇರುವವನಿಗೆ ಒಂದು ಶಾಲು ಬಂತಲ್ಲ.

ನನಗೆ ನಿಜವಾಗಿ ಸಿಟ್ಟು ಬರುವುದು ಈಚೆಗೆ ಹುಟ್ಟಿರುವ ಹೊಸ ಕತೆಯೊಂದರ ಮೇಲೆ. ಯುನೆಸ್ಕೊ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ ಮೇಲೆ ಬರುವ ಜನ ಹೆಚ್ಚಿದ್ದಾರೆ, ಮೊಬೈಲಿನಲ್ಲಿ ಸುತ್ತುವ ವಿಡಿಯೋಗಳೂ ಹೆಚ್ಚಿವೆ. ಇಷ್ಟು ನುಣುಪು ಕಂಬ ಕೈಯಿಂದ ಸಾಧ್ಯವಿಲ್ಲ, ಆ ಕಾಲಕ್ಕೇ ಕರೆಂಟಿನ ಯಂತ್ರವಿತ್ತು. ಹಳೇಬೀಡಿನ ಭೈರವನ ಕೈಯಲ್ಲಿರುವುದು ಹಲ್ಲುಗಾಲಿ. ಈ ಸಣ್ಣ ತೂತು ಕೊರೆದದ್ದು ಬೇರೆ ಲೋಕದವರು. ಹೀಗೆ. ಕಂಬಗಳನ್ನು ತಿರುಗಣೆಗೆ ಹಾಕಿ ಕಡೆದದ್ದು ನಿಜ, ವಿದ್ವಾಂಸರೂ ಒಪ್ಪುತ್ತಾರೆ. ಆ ತಿರುಗಣೆಯನ್ನು ತಿರುಗಿಸಿದ್ದು ಮಾತ್ರ ಮನುಷ್ಯರ ರಟ್ಟೆ. ಗೈಡುಗಳ ಹಳೆಯ ಕತೆಗಳಲ್ಲಿ ಎಷ್ಟು ಉತ್ಪ್ರೇಕ್ಷೆ ಇದ್ದರೂ ಮನುಷ್ಯ ಇರುತ್ತಿದ್ದ. ಬೇಲೂರಿನ ನರಸಿಂಹ ಕಂಬ ಹಿಂದೆ ತಿರುಗುತ್ತಿತ್ತು ಎನ್ನುತ್ತಾರೆ, ಅದರ ಮೈಮೇಲೆ ಕೆತ್ತದೆ ಬಿಟ್ಟ ಒಂದು ಪುಟ್ಟ ಚೌಕ ತೋರಿಸಿ ‘ಸಮಾನನಾದ ಶಿಲ್ಪಿ ಬಂದು ತುಂಬಲಿ ಅಂತ ಬಿಟ್ಟಿದ್ದು ಸಾರ್’ ಎನ್ನುತ್ತಾರೆ. ಅಂಗಳದ ನಲವತ್ತೆರಡು ಅಡಿಯ ದೀಪಸ್ತಂಭದ ಬುಡದಲ್ಲಿ ಕಾಗದ ತೂರಿಸಿ, ಅಡಿಪಾಯವಿಲ್ಲದೆ ನಿಂತಿದೆ ನೋಡಿ ಎನ್ನುತ್ತಾರೆ. ಕೇಳಿದವರು ಮಾಡಿದವನನ್ನು ನೆನೆಯುತ್ತಾರೆ. ಜಕಣಾಚಾರಿಯ ಕತೆ ಶಿಲ್ಪಿಯ ಒಂದು ಕೈಯನ್ನು ಕೇಳಿತು, ಕೊನೆಗೆ ಅದನ್ನೂ ಮರಳಿ ಕೊಟ್ಟಿತು. ವಿಡಿಯೋದ ಕತೆ ಎರಡೂ ಕೈಯನ್ನು ಕಿತ್ತುಕೊಂಡು ಯಂತ್ರಕ್ಕೆ ಕೊಡುತ್ತದೆ, ಮರಳಿಸುವ ಮಾತೇ ಇಲ್ಲ.

ಬೇಲೂರಿನ ಹಳೆಯ ಗೈಡುಗಳಲ್ಲಿ ಕೆಲವರಿಗೆ ಸಹಿಗಳಿರುವ ಜಾಗ ಗೊತ್ತು. ಕೇಳಿದರೆ ಕೈಗನ್ನಡಿಯಿಂದ ಬಿಸಿಲು ಹಿಡಿದು, ಸೂರಿನಡಿಯ ಮದನಿಕೆಯ ಪೀಠದ ಮೇಲೆ ಬೆಳಕು ಬಿಟ್ಟು, ಒಂದೊಂದೇ ಅಕ್ಷರ ಓದಿಸುತ್ತಾರೆ. ದಾ, ಸೋ, ಜ. ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಹೆಚ್ಚಿನವರು ಕೇಳುವುದಿಲ್ಲ, ಅವರಿಗೆ ಹಳೇಬೀಡಿನ ಬಸ್ಸು ಹಿಡಿಯಬೇಕಿರುತ್ತದೆ.